ದೇವರ ಜೊತೆ ಮಾತು ಬಿಟ್ಟ ಕಾಕಾ

ನಮ್ಮ ಕಾಕಾ ಆರು ವರ್ಷ ದೇವರ ಜೊತೆ ಮಾತು ಬಿಟ್ಟಿದ್ದ. ಹಾಗೆಂದ ಕೂಡಲೇ ಅವನನ್ನು ನಾಸ್ತಿಕ ಎಂದುಕೊಳ್ಳಬೇಡಿ! ನಾಸ್ತಿಕನ ಪಾಲಿಗೆ ದೇವರೇ ಇಲ್ಲ. ಇಲ್ಲದವನ ಜೊತೆ ಮಾತು ಬಿಡುವುದಾದರೂ ಹೇಗೆ? ಕಾಕಾನ ಪಾಲಿಗೆ ದೇವರು ಇದ್ದ, ಚೆನ್ನಾಗಿಯೇ ಇದ್ದ, ಬಾಜೂ ಮನೆಯವನಷ್ಟು ಹತ್ತಿರ ಇದ್ದ. ಜಗಳವಾದದ್ದೇ ಅದಕ್ಕೆ.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಪದ್ಧತಿ ಇದೆ. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಜಗಳಾಡಿ ಮಾತು ಬಿಟ್ಟರೆ ಸಂಬಂಧ ಬಿಟ್ಟರು ಎಂದು ಅರ್ಥವಲ್ಲ. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ಉಣ್ಣುತ್ತಾರೆ. ಒಬ್ಬ ಗೋಡೆ ನೋಡುತ್ತ ಹೆಂಡತಿಗೆ, "ಅಂವಗ ಹೇಳ, ನಾಳೆ ಎತ್ತು ಬೇಕಾಗ್ಯಾವಂತ" ಅನ್ನುತ್ತಾನೆ. ಇನ್ನೊಬ್ಬ ಇನ್ನೊಂದು ಗೋಡೆ ನೋಡುತ್ತ, "ಒಯ್ಯಂತ ಹೇಳ" ಅನ್ನುತ್ತಾನೆ. ಇಬ್ಬರಿಗೂ ಎಲ್ಲ ಕೇಳಿಸಿರುತ್ತದೆ. ಆದರೂ ಆ ಹೆಂಗಸು ಬಾಯಿ ಬಿಟ್ಟು ಹೇಳಿದ ಮೇಲೆಯೇ ಕೇಳಿಸಿದ ಲೆಕ್ಕ! ನಮ್ಮ ಅಪ್ಪ ಮತ್ತು ಕಾಕಾ ಹೀಗೆ ನಾಲ್ಕು ವರ್ಷ ಸುಖವಾಗಿ ಕಳೆದವರು. ಕಾಕಾ ದೇವರ ವಿಷಯದಲ್ಲೂ ಇದೇ ಪದ್ಧತಿ ಹಿಡಿದ. ನಡುವೆ ಸಿಕ್ಕವಳು ಅವನ ಹೆಂಡತಿ, ನಮ್ಮ ಚಿಗವ್ವ.

ಕಾಕಾ ಕಸುಬಿನಿಂದ ಗೌಂಡಿ. ಸಂಶಿಯಿಂದ ಗುಡಗೇರಿಯವರೆಗೆ ಯಾವ ಊರಿನಲ್ಲಿ ಗೋಡೆ ನೆಟ್ಟಗೆ ನಿಂತಿದ್ದರೂ ಅದು ತಾನು ಕಟ್ಟಿದ್ದು ಎನ್ನುತ್ತಿದ್ದ. ಸೊಟ್ಟ ಗೋಡೆಗಳೆಲ್ಲ ಬೇರೆಯವರವು. ನಮ್ಮ ಊರಿನಲ್ಲಿ ನಮ್ಮವು, ಅಂದರೆ ಕ್ರೈಸ್ತರವು, ಹನ್ನೊಂದು ಮನೆ. ಹೆಂಚಿನ ಮಾಡಿನ ಒಂದು ಸಣ್ಣ ದೇವಾಲಯ. ಗಂಟೆ ಮಾತ್ರ ಬೇವಿನ ಮರದ ಟೊಂಗೆಗೆ ತೂಗುತ್ತಿತ್ತು. ಎಂಬತ್ತರ ದಶಕದ ಮೊದಲಲ್ಲಿ ಒಂದು ರವಿವಾರ ಆರಾಧನೆ ಮುಗಿದ ಮೇಲೆ ಕಾಕಾ ಎದ್ದು ನಿಂತು, "ಗಂಟಿಗೆ ಗೋಪುರ ನಾ ಕಟ್ಟತೀನಿ, ಕೂಲಿ ಒಂದ ಪೈಸಾ ಬ್ಯಾಡ" ಎಂದ. ಎಲ್ಲರೂ ಕಣ್ಣೊರೆಸಿಕೊಂಡರು. ಮುಂದಿನ ಮಾತು ಕೇಳಿ ಒರೆಸಿಕೊಳ್ಳುವುದು ನಿಲ್ಲಿಸಿದರು: "ಬಾಜೂ ಮನಿ ಕಾಳಿನ ಸಾವಕಾರನ ಮಾಳಿಗಿಗಿಂತ ಒಂದ ಗೇಣರ ಎತ್ತರ ಆಗಬೇಕು!"

ಆಗ ನಾನು ಸಂಶಿಯ ಶಾಲೆಯೊಂದರಲ್ಲಿ ಹೊಸದಾಗಿ ಅಕ್ಕೋರಾಗಿ ಸೇರಿದ್ದೆ. ಕಾಕಾನ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹೀಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ನಮ್ಮದು ಎರಿ ಭೂಮಿ, ಕರಿ ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಆ ಮಣ್ಣಿನ ಮೇಲೆ ಏನು ಇಟ್ಟರೂ ಅಲ್ಲಾಡುತ್ತದೆ. ಅದಕ್ಕೇ ಎರಿ ಮುಗಿದು ಕೆಳಗಿನ ಗಟ್ಟಿ ಗರಸು ಹತ್ತುವವರೆಗೂ ಪಾಯ ತೆಗೆಯಬೇಕು. ಇದು ನಮ್ಮ ಕಡೆಯ ಕೂಸಿಗೂ ಗೊತ್ತು. ಕಾಕಾನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕ್ರಿಸ್ಮಸ್ಸಿಗೆ ಗಂಟೆ ಬಾರಿಸಬೇಕೆಂಬ ಅವಸರ. ಅದೂ ಅಲ್ಲದೆ ನೆಲದೊಳಗೆ ಮಾಡಿದ ಕೆಲಸವನ್ನು ನೋಡುವವರು ಯಾರು?

ಬುತ್ತಿ ತಂದ ಚಿಗವ್ವ ಪಾಯದೊಳಗೆ ಇಣುಕಿ, "ಇನ್ನೂ ಎರೀನ ಐತಲ್ರೀ. ಇನ್ನ ಎರಡ ಮೊಳ ತಗೀರಿ" ಎಂದಳು.

"ಗೌಂಡಿ ನಾನೋ, ನೀನೋ?"

"ನೀವರಿ."

"ಹಂಗಾರ ಬುತ್ತಿ ಬಿಚ್ಚು."

ಗೋಪುರ ಎದ್ದಿತು. ಸಾವಕಾರನ ಮಾಳಿಗೆಗಿಂತ ಒಂದಲ್ಲ, ಎರಡು ಗೇಣು ಎತ್ತರ! ಮೇಲೆ 'ದೇವರ ಮಹಿಮೆಗಾಗಿ' ಎಂದು ಸಿಮೆಂಟಿನಲ್ಲಿ ಬರೆದ. ಅದರ ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮತ್ತು 'ಗೌಂಡಿ' ಎಂಬುದನ್ನು ಬರೆದ. ಮಹಿಮೆಯ ಅಕ್ಷರ ನಾಲ್ಕು ಬೆರಳು ಇದ್ದರೆ ಗೌಂಡಿಯ ಅಕ್ಷರ ಒಂದು ಗೇಣು. ಊರ ಹೊರಗಿನ ರಸ್ತೆಯಲ್ಲಿ ಬಸ್ಸಿನೊಳಗೆ ಕೂತವರಿಗೆ ಕಾಕಾನ ಹೆಸರಷ್ಟೇ ಕಾಣುತ್ತಿತ್ತು.

ಕ್ರಿಸ್ಮಸ್ ಚೆಂದಾಗಿಯೇ ಆಯಿತು. ಮುಂಗಾರು ಮಳೆ ಬಿದ್ದ ಮೇಲೆ ಗೋಪುರ ಮೆಲ್ಲಗೆ ಸಾವಕಾರನ ಮನೆಯ ಕಡೆ ವಾಲತೊಡಗಿತು. "ನೆರಳು ಹಂಗ ಕಾಣತೈತಿ" ಎಂದ ಕಾಕಾ. ನಾಲ್ಕನೆಯ ದಿನ ಮಧ್ಯಾಹ್ನ ನೆರಳೂ ಉಳಿಯಲಿಲ್ಲ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಬೀಳುವಾಗ ಗಂಟೆ ತಾನೇ ಒಮ್ಮೆ ಢಣ್ ಎಂದಿತು, ಅಷ್ಟೇ.

ಪಾದ್ರಿಯವರು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅವರಿಗೂ ಪ್ರಸಂಗಕ್ಕೆ ವಿಷಯ ಬೇಕಲ್ಲ! ಮುಂದಿನ ರವಿವಾರ ಬಾಬೆಲಿನ ಗೋಪುರದ ಕಥೆ ತೆಗೆದರು. ಆಕಾಶ ಮುಟ್ಟುವ ಗೋಪುರ ಕಟ್ಟಿ ಹೆಸರು ಮಾಡಲು ಹೊರಟ ಜನ, ಅವರ ಸೊಕ್ಕು, ದೇವರು ಅವರ ಮಾತು ಕಲಸಿ ಅವರನ್ನು ದಿಕ್ಕುಪಾಲು ಮಾಡಿದ್ದು, ಎಲ್ಲವನ್ನೂ ಹೇಳಿದರು. ಹೇಳುವಾಗ ಕಾಕಾನ ಕಡೆ ನೋಡಲಿಲ್ಲ. ಉಳಿದ ನಾವೆಲ್ಲ ನೋಡಿದೆವು.

ಕಾಕಾ ಎದ್ದು ನಿಂತ. "ಪಾದ್ರಿ ಸಾಹೇಬ್ರ, ಅವರು ತಮ್ಮ ಹೆಸರಿಗೆ ಕಟ್ಟಿದ್ರು, ಬಿತ್ತು. ನಾ ಅವನ ಹೆಸರಿಗೆ ಕಟ್ಟಿದ್ದೆ. ತನ್ನ ಮನೀ ತಾನ ಕೆಡವತಾನಂದ್ರ ಇದು ಯಾವ ನ್ಯಾಯರಿ?"

"ಎರಡೂ ಹೆಸರ ಇದ್ದುವಲ್ಲ" ಎಂದು ಚಿಗವ್ವ ಸೆರಗಿನೊಳಗೇ ಅಂದಳು.

"ಇವತ್ತಿನಿಂದ ನನಗೂ ಅಂವಗೂ ಮಾತಿಲ್ಲ!" ಎಂದವನೇ ಕಾಕಾ ಹೊರಗೆ ಹೋದ. ದೂರವೇನೂ ಹೋಗಲಿಲ್ಲ. ಬಾಗಿಲ ಹೊರಗೆ ಬಿದ್ದಿದ್ದ ತನ್ನದೇ ಗೋಪುರದ ಕಲ್ಲಿನ ಮೇಲೆ ಕೂತ. ಆಮೇಲೆ ಆರು ವರ್ಷ ಪ್ರತಿ ರವಿವಾರ ಅದೇ ಕಲ್ಲು, ಅದೇ ಕಾಕಾ. ಒಳಗೆ ನಾವು ಹಾಡುವಾಗ ತಪ್ಪಿದರೆ ಹೊರಗಿನಿಂದ ಕೆಮ್ಮುತ್ತಿದ್ದ.

ಮನೆಯಲ್ಲಿ ಊಟಕ್ಕೆ ಮುಂಚೆ ಚಿಗವ್ವ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಳು. ಕಾಕಾ ಕಣ್ಣು ತೆರೆದುಕೊಂಡು ಗೋಡೆ ನೋಡುತ್ತ, "ಅಂವಗ ಹೇಳ, ಜ್ವಾಳ ಈ ಸಲ ಚಲೋ ಕೊಟ್ಟಾನಂತ" ಅನ್ನುವನು.

"ನೀವ ಹೇಳ್ರಲ್ಲ!"

"ನಾ ಹೆಂಗ ಹೇಳಲಿ? ಮಾತ ಬಿಟ್ಟೀನಿ."

ಒಮ್ಮೆ ಅವನಿಗೆ ಹಲ್ಲುನೋವು ಬಂತು. ಎರಡು ದಿನ ಗಲ್ಲಕ್ಕೆ ಟವೆಲ್ ಕಟ್ಟಿಕೊಂಡು ನರಳಿ, ಕೊನೆಗೆ ಚಿಗವ್ವನ ಕೈಯಲ್ಲಿ ಸುದ್ದಿ ಕಳಿಸಿದ. ಮರುದಿನ ಎಡಗಡೆಯ ನೋವು ಹೋಗಿ ಬಲಗಡೆ ಶುರುವಾಯಿತು. ಸಿಟ್ಟು ಯಾರ ಮೇಲೆ? ಚಿಗವ್ವನ ಮೇಲೆ! "ಯಾವ ಬಾಜೂ ಅಂತ ಸರಿಯಾಗಿ ಹೇಳಿಲ್ಲ ನೀ!"

ಸತ್ಯವೇದ ಓದುವುದನ್ನು ಮಾತ್ರ ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ಓದಿದ. ಕೋರ್ಟಿನಲ್ಲಿ ದಾವೆ ಇದ್ದವನು ಎದುರಾಳಿಯ ಕಾಗದಪತ್ರ ಓದುತ್ತಾನಲ್ಲ, ಹಾಗೆ. ದೇವರಿಗೆ ತಿರುಗಿಬಿದ್ದವರೆಲ್ಲ ಅವನ ಪಕ್ಷದವರು. ಆದಾಮನಿಂದ ಶುರು ಮಾಡಿದ. "ಒಂದ ಹಣ್ಣ ತಿಂದರ ಮನೀನ ಬಿಡಸೂದ? ಗೌಡ್ರ ಪ್ಯಾರಲ ಗಿಡಕ್ಕ ಹುಡುಗೂರು ದಿನಾ ಏರತಾವ, ಗೌಡ್ರು ಬೈದು ಬಿಡತಾರ."

ರೊಟ್ಟಿ ಬಡಿಯುತ್ತಿದ್ದ ಚಿಗವ್ವ ತಲೆ ಎತ್ತದೆ, "ತಿಂದದ್ದಕ್ಕ ಅಲ್ರೀ. ತಿಂದು ತಪ್ಪ ಹೆಂಡ್ತಿ ಮ್ಯಾಲ ಹಾಕಿದ್ನಲ್ಲ, ಅದಕ್ಕ" ಎಂದಳು. ಕಾಕಾ ಪುಟ ತಿರುಗಿಸಿದ.

'ಈ ಪಟ್ಟಣ ಕಟ್ಟಿದವನು ನಾನು' ಎಂದು ಮೆರೆದು ಕೊನೆಗೆ ಎತ್ತಿನ ಹಾಗೆ ಹುಲ್ಲು ಮೇಯ್ದ ರಾಜ ನೆಬೂಕದ್ನೆಚ್ಚರನ ಕಥೆ ಬಂದಾಗಲೆಲ್ಲ ಕಾಕಾನ ಓದುವ ಚಾಳೀಸು ಕಳೆದುಹೋಗುತ್ತಿತ್ತು. ಅವನಿಗೆ ಅಗದಿ ಪ್ರೀತಿಯವನೆಂದರೆ ಯೋನ. ದೇವರು ಒಂದು ಊರಿಗೆ ಹೋಗು ಎಂದರೆ ಇನ್ನೊಂದು ಊರಿನ ಹಡಗು ಹತ್ತಿದವನು! "ಇಂವ ನೋಡ ಗಂಡಸು" ಎಂದು ತೊಡೆ ತಟ್ಟಿದ.

ನಾನು ಅಕ್ಕೋರಲ್ಲವೇ, ತಪ್ಪು ತಿದ್ದದೆ ಇರಲಾಗಲಿಲ್ಲ. "ಆದ್ರ ಕಾಕಾ, ಮೀನಿನ ಹೊಟ್ಟ್ಯಾಗ ಕುಂತು ದೇವರಿಗೆ ಪ್ರಾರ್ಥನೆ ಮಾಡಿದ್ನಲ್ಲ ಅಂವ?"

ಕಾಕಾ ಚಾಳೀಸು ತೆಗೆದು ಒರೆಸಿದ. "ಪಾಪ, ಏನ ಮಾಡ್ಯಾನು? ಅಲ್ಲಿ ಹೇಳಿ ಕಳಸಾಕ ಮತ್ತ ಯಾರ ಇದ್ದರು?"

ಊರ ಗೌಡರಿಗೂ ಈ ಜಗಳ ದೊಡ್ಡ ಮೋಜಾಗಿತ್ತು. "ಏನಲೇ ಗೌಂಡಿ, ಅಷ್ಟ ಸಿಟ್ಟಿದ್ರ ನಮ್ಮ ಬಸವಣ್ಣನ ಗುಡಿಗೆ ಬಾರಲೇ" ಎಂದರು ಒಂದು ದಿನ.

"ಬ್ಯಾಡ್ರಿ ಗೌಡ್ರ. ಬಸವಣ್ಣನ ಕೂಡ ನಂದೇನ ಜಗಳ ಇಲ್ಲ. ಜಗಳಿಲ್ಲದಲ್ಲಿ ಹೋಗಿ ನಾ ಏನ ಮಾಡ್ಲಿ?"

ಎಲ್ಲರೂ ನಗುತ್ತಿದ್ದೆವು. ನಗದವಳು ಚಿಗವ್ವ ಒಬ್ಬಳೇ. ಒಂದು ಸಂಜೆ ಜೋಳ ಹಸನು ಮಾಡುತ್ತ ನನಗೆ ಹೇಳಿದಳು: "ನಾ ಇರೂತನಕಾ ನಡೀತೈತಿ ಯವ್ವಾ. ನಾ ಹೋದ ಮ್ಯಾಲ ಇವರ ಮಾತ ಅಂವಗ ಮುಟ್ಟಸವರು ಯಾರ? ತಪ್ಪಾತು ಅನ್ನೂ ಮೂರ ಅಕ್ಷರದ ಮಾತ ಇವರ ಬಾಯಾಗಿಂದ ಬರವಲ್ದು. ಅದ ನನಗ ದೊಡ್ಡ ಚಿಂತಿ."

ಆರನೆಯ ವರ್ಷ ಚಿಗವ್ವನಿಗೆ ಕಾಮಣಿ, ಅಂದರೆ ಕಾಮಾಲೆ, ಆಯಿತು. ಗಿಡಮೂಲಿಕೆ ಮುಗಿಸಿ ಹುಬ್ಬಳ್ಳಿಯ ದವಾಖಾನೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಈಗ ಕಾಕಾನ ಪರದಾಟ ಶುರು. ಪಾದ್ರಿಯವರನ್ನು ಹಿಡಿದು, "ಅಂವಗ ಹೇಳ್ರಿ" ಎಂದ. ನನಗೆ, "ನೀ ಸಾಲಿ ಕಲತಾಕಿ, ಚೆಂದಂಗ ತಿಳಿಸಿ ಹೇಳವ್ವಾ" ಎಂದ. ನೋಡಲು ಬಂದ ಗೌಡರನ್ನೂ ಬಿಡಲಿಲ್ಲ. ಗೌಡರು ವಿಭೂತಿ ಹಚ್ಚಿದ ಹಣೆ ಬಗ್ಗಿಸಿ, "ಹೇಳತೀನಿ ಬಿಡೋ" ಎಂದರು; ಆವತ್ತು ಅವರೂ ನಗಲಿಲ್ಲ.

ಹಳದಿಯಾದ ಕಣ್ಣಿನಿಂದ ಅವನನ್ನೇ ನೋಡುತ್ತ ಚಿಗವ್ವ, "ಒಮ್ಮೆ ನೀವ ಹೇಳ್ರೀ" ಎಂದಳು. ಕಾಕಾನ ಬಾಯಿ ತೆರೆಯಿತು. ಮಾತು ಹೊರಡಲಿಲ್ಲ. ಎದ್ದು ಹೋಗಿ ಅವಳಿಗೆ ನೀರು ತಂದ. ಎರಡು ದಿನದ ಮೇಲೆ ಅವಳು ಹೋದಳು.

ನಮ್ಮ ಸ್ಮಶಾನ ಹಳ್ಳದ ದಂಡೆಗೆ, ಅದೂ ಎರಿ ನೆಲವೇ. ಕುಣಿ ತೋಡಲು ಬಂದ ನಾಲ್ವರನ್ನು ಸರಿಸಿ ಕಾಕಾ ತಾನೇ ಗುದ್ದಲಿ ಹಿಡಿದು ಇಳಿದ. ಆ ನಾಲ್ವರೂ ನಾನೂ ಮೇಲೆ ನಿಂತು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮಣ್ಣು ಎಳೆದೆವು. ಎದೆಮಟ ಆಯಿತು. "ಸಾಕು ಬಿಡೋ, ಇಷ್ಟ ಇದ್ರ ಸಾಕು" ಎಂದು ಯಾರೋ ಅಂದರು.

"ಇನ್ನೂ ಎರೀನ ಐತಿ" ಎಂದ ಕಾಕಾ.

ಅವನ ತಲೆ ನೆಲದ ಕೆಳಗೆ ಇಳಿಯಿತು. ಗುದ್ದಲಿಯ ಸಪ್ಪಳವಷ್ಟೇ ಕೇಳುತ್ತಿತ್ತು, ಮೆತ್ತಗೆ, ಒಂದೇ ಸಮನೆ. ಆಮೇಲೆ ಸಪ್ಪಳ ಬದಲಾಯಿತು. ಗುದ್ದಲಿ ಗಟ್ಟಿಗೆ ತಾಗಿ ಖಣ್ ಎಂದಿತು. ಮೇಲೆ ಬಂದ ಬುಟ್ಟಿಯಲ್ಲಿ ಕರಿ ಮಣ್ಣಿರಲಿಲ್ಲ, ಕೆಂಪು ಗರಸು ಇತ್ತು. ಚಿಗವ್ವ ಅಂದು ಪಾಯ ನೋಡಿ ಹೇಳಿದ ಎರಡು ಮೊಳದ ಲೆಕ್ಕ ಆಗ ನನಗೆ ಹೊಳೆಯಿತು.

ಕೆಳಗೆ ಕಾಕಾ ಮಾತಾಡುತ್ತಿದ್ದ. ಮೊದಲು ನಮ್ಮನ್ನು ಕರೆದನೆಂದುಕೊಂಡು ಬಗ್ಗಿ ನೋಡಿದೆ. ಅವನು ನಮ್ಮನ್ನು ನೋಡುತ್ತಿರಲಿಲ್ಲ, ಗೋಡೆಯನ್ನೂ ನೋಡುತ್ತಿರಲಿಲ್ಲ. ಮುಖ ಎತ್ತಿ ಸೀದಾ ಆಕಾಶ ನೋಡುತ್ತಿದ್ದ.

"ಪಾಯ ನಾನ ಕಡಿಮಿ ತಗದಿದ್ದೆ. ನೀ ಕೆಡವಿಲ್ಲ. ತಪ್ಪ ನಂದು" ಎಂದ. ಆಮೇಲೆ ಮುಂಗೈಯಿಂದ ಕಣ್ಣೊರೆಸಿಕೊಂಡು, "ಅಕಿ ನಿನ್ನ ಹಂತ್ಯಾಕ ಬಂದಾಳ. ಅಕಿಗೆ ಹೇಳು, ಎರಡ ಮೊಳ ತಗದೀನಂತ. ಗರಸು ಹತ್ತೇತಂತ ಹೇಳು" ಎಂದ.

ನಾವು ಬುಟ್ಟಿ ಕೆಳಗೆ ಬಿಟ್ಟೆವು.