ದಿವಾನ್ ಒಳಗಿನ ರಾಗಿಹಿಟ್ಟು

ಧರ್ಮದ ವಿಷಯದಲ್ಲಿ ನಾನು ಅರೆಬರೆ ಕೆಲಸ ಮಾಡುವವನೇ ಅಲ್ಲ. ಎಂಬತ್ತರ ದಶಕದಲ್ಲಿ, ಬೆಂಗಳೂರಿನಲ್ಲಿದ್ದ ಭಾವಮೈದನ ಜೊತೆ ಓಡಾಡಿ, ನಾನೂ ನನ್ನ ಹೆಂಡತಿ ಗೌರಮ್ಮನೂ ಅಮೆರಿಕದ ಕ್ರೈಸ್ತ ಪಂಗಡವಾದ ಮಾರ್ಮನ್ ಮತಕ್ಕೆ ಸೇರಿದೆವು. ಅವತ್ತೇ ಕಾಫಿ ಫಿಲ್ಟರ್ ಅಟ್ಟ ಸೇರಿತು. ಕಾಫಿ, ಟೀ, ಹೊಗೆಸೊಪ್ಪು, ಹೆಂಡ ಯಾವುದೂ ಕೂಡದು. ಸುಳ್ಳು ಹೇಳಕೂಡದು. ತಿಂಗಳ ಮೊದಲ ಭಾನುವಾರ ಉಪವಾಸ ಇರಬೇಕು. ಎಲ್ಲಕ್ಕೂ ಸೈ ಎಂದೆ. ತುಮಕೂರಿನ ಸರ್ಕಾರಿ ಗುಮಾಸ್ತನೊಬ್ಬ ಕಾಫಿ ಬಿಟ್ಟೂ ಬದುಕಿದ್ದಾನೆ ಎಂಬುದನ್ನು ನೋಡಲು ಪಕ್ಕದ ಸೆಕ್ಷನ್ನಿನವರು ಬಂದು ಹೋಗುತ್ತಿದ್ದರು.

ಒಂದು ಭಾನುವಾರ ಬೆಂಗಳೂರಿನ ಸಭೆಯಲ್ಲಿ ಹಿರಿಯರು ಹೇಳಿದರು: ಕಷ್ಟಕಾಲಕ್ಕೆಂದು ಪ್ರತಿ ಮನೆಯಲ್ಲೂ ಒಂದು ವರ್ಷಕ್ಕಾಗುವಷ್ಟು ಆಹಾರ ಕೂಡಿಡಬೇಕು. ನನಗೆ ರೋಮಾಂಚನವಾಯಿತು. ಮುಂದಿನ ವಾರವೇ ಗಾಡಿಯಲ್ಲಿ ರಾಗಿ ಮೂಟೆಗಳು ಬಂದಿಳಿದವು.

"ರೀ, ರಾಗೀನ ಹಂಗೇ ಮಡಗಿ ಸಾಕು, ಹಿಟ್ಟು ಮಾಡಿಸ್ಬೇಡಿ" ಎಂದಳು ಗೌರಮ್ಮ. ಅವಳು ಗೂಳೂರಿನ ರೈತರ ಮಗಳು.

"ಕಷ್ಟಕಾಲ ಬಂದಾಗ ಮಿಲ್ಲು ಓಡುತ್ತೇನೇ? ಕರೆಂಟ್ ಇರುತ್ತಾ? ಸ್ವಲ್ಪ ಮುಂದಾಲೋಚನೆ ಮಾಡು!"

ಅವಳ ಬಾಯಿ ಮುಚ್ಚಿಸಿ, ಅಷ್ಟನ್ನೂ ಮಿಲ್ಲಿಗೆ ಹೊರಿಸಿದೆ. "ಮನೇಲಿ ಮದ್ವೇನಾ ಸಾರ್?" ಎಂದ ಮಿಲ್ಲಿನವನು. "ಇಲ್ಲಪ್ಪ, ಕಷ್ಟಕಾಲ" ಎಂದೆ. ಅವನು ಕೂಲಿಯನ್ನು ಮೊದಲೇ ಎಣಿಸಿಕೊಂಡ.

ಹಿಟ್ಟನ್ನು ಎಣ್ಣೆ ಟಿನ್ನುಗಳಿಗೆ ತುಂಬಿ, ಮುಂದಿನ ಕೋಣೆಯ ಗೋಡೆಗೆ ಸಾಲಾಗಿ ಜೋಡಿಸಿ, ಮೇಲೆ ತೆಳ್ಳನೆಯ ಹಲಗೆ ಹಾಕಿ, ಜಮಖಾನ ಹೊದಿಸಿ, ಎರಡು ದಿಂಬಿಟ್ಟೆ. ಮರಳೂರಿನ ನಮ್ಮ ಬೀದಿಯ ಮೊಟ್ಟಮೊದಲ ದಿವಾನ್ ನಮ್ಮದೇ!

ತಿಂಗಳು ಕಳೆಯಿತು. ಪಕ್ಕದ ಮನೆಗೆ ಹೊಸ ಬಾಡಿಗೆದಾರರು ಬಂದರು. ಸಾಮಾನು ಇಳಿಸುವುದನ್ನು ನೋಡಿ ಬಂದ ಗೌರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಫುಡ್ ಇನ್ಸ್‌ಪೆಕ್ಟರಂತೆ ಕಣ್ರೀ."

ನಾನು ಓಡಿಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ದಾಸ್ತಾನು ಮಾಡಿದವರ ಮೇಲೆ ದಾಳಿ ಎಂದು ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ಸಿಕ್ಕಿಬಿದ್ದವನು ಸರ್ಕಾರಿ ನೌಕರನಾದರೆ ಸಸ್ಪೆಂಡ್ ಖಂಡಿತ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಮಗೆ ನನ್ನ ಸಂಬಳ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಇನ್ಸ್‌ಪೆಕ್ಟರ ಸ್ಕೂಟರ್ ಸದ್ದು ಕೇಳಿದರೆ ಮುದ್ದೆ ಬಿಟ್ಟೆದ್ದು ಕಿಟಕಿ ಮುಚ್ಚುತ್ತಿದ್ದೆ. ಮನೆಯಲ್ಲಿ ಪಿಸುಮಾತಿನಲ್ಲೇ ಸಂಸಾರ. ಗೌರಮ್ಮ ಟಿನ್ನಿನ ಮುಚ್ಚಳ ತೆಗೆದರೆ ನಾನು ಜೋರಾಗಿ ಕೆಮ್ಮುತ್ತಿದ್ದೆ.

ಇದು ಸಾಲದೆಂದು ದಿವಾನ್ ವಾಸನೆ ಹೊಡೆಯತೊಡಗಿತು! ಜಮಖಾನದ ಮೇಲೆ ಸಣ್ಣ ಹುಳುಗಳು ವಾಕಿಂಗ್ ಹೊರಟವು.

"ನಾನು ಅವತ್ತೇ ಬಡ್ಕೊಂಡೆ. ಈಗ್ಲಾದ್ರೂ ಹೊರಗೆ ಸಾಗಿಸ್ರೀ" ಎಂದಳು.

"ಹೇಗೆ ಸಾಗಿಸ್ಲೇ? ಅವರ ಬಾಗಿಲ ಮುಂದೇನೇ ಹೋಗ್ಬೇಕು!"

ಒಂದು ಸಂಜೆ ಬಾಗಿಲು ಬಡಿದ ಶಬ್ದ. ತೆರೆದರೆ ಇನ್ಸ್‌ಪೆಕ್ಟರ್ ಗಂಗಾಧರಯ್ಯ! ಬಾಗಿಲು ತುಂಬುವ ಆಳು.

"ಪಕ್ಕದ್ಮನೆಯೋರು, ಪರಿಚಯ ಮಾಡ್ಕೊಳಾಣ ಅಂತ ಬಂದೆ ಸಾರ್."

ಕುರ್ಚಿ ಎಳೆದುಕೊಟ್ಟೆ. "ಇರ್ಲಿ ಬುಡಿ" ಎಂದು ಅವರು ದಿವಾನ್ ಮೇಲೇ ಕುಳಿತರು.

ಡಬಕ್!

"ಏನ್ ಸಾರ್ ಅದು?"

"ದಿವಾನ್ ಸಾರ್. ಹೊಸದು." ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪೈಕಿ ಅಲ್ಲ ಗೌರಮ್ಮ. ಕಾಫಿ ಕೂಡದು, ಟೀ ಕೂಡದು. ಬೆಲ್ಲ ಹಾಕಿ ರಾಗಿ ಗಂಜಿ ಕಾಯಿಸಿದಳು. ಯಾವ ಹಿಟ್ಟಿನಲ್ಲಿ? ಅದೇ ಹಿಟ್ಟಿನಲ್ಲಿ! ಬೇಡ ಬೇಡ ಎಂದು ಕಣ್ಸನ್ನೆ ಮಾಡಿದೆ. ನನಗೂ ಬೇಕೆಂದು ತಿಳಿದು ಇನ್ನೊಂದು ಲೋಟ ತಂದಳು.

ಅವರು ಒಂದು ಗುಟುಕು ಕುಡಿದರು. ಮುಖ ಕಿವುಚಿತು. ಲೋಟ ಕೆಳಗಿಟ್ಟರು.

"ಯಾವ ಅಂಗಡೀಲಿ ತಂದ್ರಿ ಈ ಹಿಟ್ಟ? ಹೆಸರೇಳಿ ಸಾರ್, ನಾಳೇನೇ ಕೇಸ್ ಜಡೀತೀನಿ. ನಿಮ್ಮ ಹೆಸ್ರು ಆಚೆ ಬರಲ್ಲ, ಹೆದರ್ಕೋಬೇಡಿ." ಆವೇಶದಲ್ಲಿ ಮುಂದಕ್ಕೆ ಬಾಗಿದರು. ಡಬಕ್!

ಒಂದು ಅಂಗಡಿಯ ಹೆಸರು ಹೇಳಿದ್ದರೆ ಬಚಾವಾಗುತ್ತಿದ್ದೆ. ನಾಲಿಗೆ ತುದಿಗೂ ಬಂತು. ಆದರೆ ಸುಳ್ಳು ಹೇಳಕೂಡದಲ್ಲ! ಪಾಪದ ಅಂಗಡಿಯವನೊಬ್ಬ ಸಿಕ್ಕಿಬೀಳುತ್ತಾನೆ ಬೇರೆ. ಕಾಫಿ ಬಿಡುವುದು ಇದರ ಮುಂದೆ ಏನೇನೂ ಅಲ್ಲ ಎನಿಸಿತು.

"ಅಂಗಡೀದಲ್ಲ ಸಾರ್. ಮನೇದೇ."

"ಎಲ್ಲಿಟ್ಟಿದೀರಿ? ತೋರ್ಸಿ."

"ತೋರಿಸ್ತೀನಿ ಸಾರ್... ತಾವು ಸ್ವಲ್ಪ ಎದ್ದರೆ..."

ಅವರು ಎದ್ದು ಜಮಖಾನ ಎತ್ತಿದರು. ನಾನು ಕಣ್ಣು ಮುಚ್ಚಿದೆ. ಸಸ್ಪೆನ್ಷನ್ ಆರ್ಡರು, ಟ್ರಂಕು ಹಿಡಿದು ಗೂಳೂರಿನ ಬಸ್ಸು ಹತ್ತುತ್ತಿರುವ ಗೌರಮ್ಮ, ಎಲ್ಲವೂ ಕಂಡವು. ಹೊಸ ಮತ, ಹಿರಿಯರು, ಒಂದು ವರ್ಷ, ಕಷ್ಟಕಾಲ, ಗೂಳೂರಿನ ಹೆಂಡತಿ ಬೇಡವೆಂದರೂ ಹಿಟ್ಟು ಮಾಡಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿ ಕೈಮುಗಿದೆ. "ಕೆಲಸ ಹೋದ್ರೆ ಬೀದಿಗೆ ಬೀಳ್ತೀವಿ ಸಾರ್!"

ಮೆಲ್ಲಗೆ ಕಣ್ಣು ತೆರೆದರೆ, ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು!

"ವರ್ಷದ ರಾಗಿ ಇಡೋಕೆ ಬೆಂಗಳೂರಿಗೋಗಿ ಮತ ಸೇರ್ಬೇಕಿತ್ತಾ ಸಾರ್? ಗುಬ್ಬಿ ತಾವ ನಮ್ಮವ್ವ ನೆಲದೊಳಗೆ ಹಗೇವು ತೋಡ್ಸಿ ಮೂರು ವರ್ಷದ್ದು ಮಡಗವ್ಳೆ! ಉಣ್ಣೋಕೆ ಇಟ್ಕೊಂಡೋರ್ನ ನಾನ್ಯಾಕೆ ಹಿಡೀಲಿ? ಆದ್ರೆ ವರ್ಷದ್ದೂ ಹಿಟ್ಟು ಮಾಡ್ಸಿ ಇಟ್ಟೋರ್ನ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ. ಕಾಳಾಗಿದ್ರೆ ಕೆಡ್ತಿತ್ತಾ? ಗೂಳೂರಿನ ಹೆಣ್ಮಗಳು ಮನೇಲವ್ರೆ, ಕೇಳ್ಬಾರ್ದಾ?"

ಗೌರಮ್ಮ ನನ್ನ ಕಡೆ ತಿರುಗಿ ನೋಡಿದಳು. ಆ ನೋಟವೇ ಒಂದು ವರ್ಷಕ್ಕಾಗುವಷ್ಟಿತ್ತು.

ಕೆಲಸ ಉಳಿಯಿತು. ಹುಳು ಬಿದ್ದ ಟಿನ್ನುಗಳ ಹಿಟ್ಟನ್ನು ಬೀದಿಯ ಎಮ್ಮೆಗಳಿಗೆ ಹಾಕಿದೆವು. ಒಂದು ಎಮ್ಮೆ ಮೂಸಿ ನೋಡಿ ಹಿಂದೆ ಸರಿಯಿತು. ಹುಳು ಬೀಳದೆ ಬರೀ ಕಹಿಯಾಗಿದ್ದ ಟಿನ್ನುಗಳನ್ನು ಗೌರಮ್ಮ ಎಸೆಯಲು ಬಿಡಲಿಲ್ಲ. ತನಗೆ ಅನ್ನ ಬಡಿಸಿಕೊಂಡು ನನ್ನ ತಟ್ಟೆಗೆ ಕಹಿ ಮುದ್ದೆ ಹಾಕಿದಳು. "ಕಷ್ಟಕಾಲಕ್ಕೆ ಅಂತ ತಾನೆ ಮಡಗಿದ್ದು? ಬಂತು, ಉಣ್ಣಿ."

ಮುಂದಿನ ಸಭೆಯಲ್ಲಿ ನಾನು ಹಿರಿಯರನ್ನು ಕೇಳಿದೆ: ತಿಂಗಳಿಗೊಮ್ಮೆ ಇರುವ ಉಪವಾಸವನ್ನು ವಾರಕ್ಕೆರಡು ಸಲ ಮಾಡಿದರೆ ತಪ್ಪೇನಾದರೂ ಇದೆಯೇ? ಅವರು ಬೆರಗಾಗಿ, ಇಂಥ ಭಕ್ತಿ ಎಲ್ಲರಿಗೂ ಬರಲಿ ಎಂದು ಸಭೆಯ ಮುಂದೆ ನನ್ನನ್ನು ಎದ್ದು ನಿಲ್ಲಿಸಿದರು. ನಾನು ಸುಳ್ಳೇನೂ ಹೇಳಲಿಲ್ಲ. ಬಾಯಿ ಕಹಿಯಾಗಿತ್ತು, ಸುಮ್ಮನೆ ನಿಂತಿದ್ದೆ.