ಹಾರ್ಡ್ ಡಿಸ್ಕಿನೊಳಗೊಂದು ಅವಿಭಕ್ತ ಕುಟುಂಬ

ತುಮಕೂರಿನ ನಮ್ಮ ದೊಡ್ಡ ಮಾವನ ಮನೆಗೆ ಹೋದರೆ ಊಟವೇನೋ ಗ್ಯಾರಂಟಿ. ಆದರೆ ಎಲೆ ಹಾಕುವ ಮೊದಲು ನೀವು ನಿಮ್ಮ ಮದುವೆಯನ್ನು ಇನ್ನೊಂದು ಸಲ ಮಾಡಿಕೊಳ್ಳಬೇಕು! ನನಗೆ ಹಾಗೆ ಎಷ್ಟು ಮದುವೆಯಾಗಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಹುಡುಗಿ, ಅದೊಂದೇ ಬೇಜಾರು. (ಹೆಂಡತಿ ಇದನ್ನು ಓದುವುದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ತೊಂಬತ್ತರ ದಶಕವಿಡೀ ಮಾವ ನೆಂಟರಿಷ್ಟರ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ಕ್ಯಾಸೆಟ್ಟುಗಳನ್ನು ಕೂಡಿಹಾಕಿದವರು. ಅವಕ್ಕೆ ಬೂಷ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ತುಂಬಿಸಿದರು. ತುಂಬಿಸಿದ ಮೇಲೂ ಬೂಷ್ಟಿನ ಭಯ ಹೋಗಬೇಕಲ್ಲ? ಬಿಸಿಲು ಬಿದ್ದರೆ ಸಾಕು, ಡಿಸ್ಕನ್ನು ಬಿಚ್ಚಿ ತಂದು ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಗಲು ಇಡುತ್ತಿದ್ದರು. ಅತ್ತೆ ಕೋಲು ಹಿಡಿದು ಕಾವಲು. ಸಂಡಿಗೆ ಹೋದರೆ ಹೋಗಲಿ, ಕಾಗೆ ನೆಂಟರನ್ನು ಕಚ್ಚಿಕೊಂಡು ಹೋಗಬಾರದೆಂದು ಆಕೆಗೆ ಕಟ್ಟಪ್ಪಣೆಯಾಗಿತ್ತು.

ಊಟಕ್ಕೆ ಬಂದವರು ಮೊದಲು ತಮ್ಮ ಮದುವೆಯ ವಿಡಿಯೋ ಪೂರ್ತಿ ನೋಡಲೇಬೇಕು, ಮುಂದಕ್ಕೆ ಓಡಿಸುವಂತೆಯೂ ಇರಲಿಲ್ಲ. ಒಮ್ಮೆ ಹಸಿವು ತಡೆಯಲಾರದೆ ಓಡಿಸಲು ಹೋಗಿ ನಾನು ಸಿಕ್ಕಿಬಿದ್ದೆ.

‘ಮದುವೇನ ಓಡಿಸ್ಬಾರ್ದು ಕಣೋ, ಮುಹೂರ್ತ ತಪ್ತದೆ’ ಎಂದರು ಮಾವ.

ಈ ಹುಚ್ಚಿಗೊಂದು ಕಾರಣವಿತ್ತು. ಅವರ ತಮ್ಮಂದಿರಿಬ್ಬರು, ಗುಬ್ಬಿಯಲ್ಲೊಬ್ಬರು, ಕುಣಿಗಲ್ಲಿನಲ್ಲೊಬ್ಬರು, ಹೆಬ್ಬೂರಿನ ತೆಂಗಿನ ತೋಟವನ್ನು ಪಾರ್ಟಿಷನ್ ಮಾಡಿಕೊಡಿ ಎಂದು ದುಂಬಾಲು ಬಿದ್ದಿದ್ದರು. ಕಾಯಿ ಕೀಳಿಸುವ ವಿಷಯಕ್ಕೆ ಜಗಳವಾಗಿ ಅವರಿಬ್ಬರ ನಡುವೆ ಮಾತೂ ನಿಂತಿತ್ತು. ತೋಟ ಒಡೆದರೆ ಮನೆತನವೇ ಒಡೆದಂತೆ ಎಂದು ಮಾವನಿಗೆ ಜೀವಭಯ. ಹಾಗಾಗಿ ಯಾರಾದರೂ ಆ ಮಾತೆತ್ತಿದರೆ ಥಟ್ಟನೆ ವಿಡಿಯೋ ಹಾಕಿಬಿಡುತ್ತಿದ್ದರು! ಒಂದು ಭಾನುವಾರ ತೀರ್ಮಾನ ಮಾಡಿಕೊಂಡೇ ಹೋಗುತ್ತೇನೆಂದು ಬಂದ ಕುಣಿಗಲ್ ಮಾವ, ತಮ್ಮದೇ ಮದುವೆಯನ್ನು ವರಪೂಜೆಯಿಂದ ಬೀಗರೂಟದವರೆಗೆ ನೋಡಿ, ಕಡೇ ಬಸ್ಸಿಗೆ ಓಡಿದರು.

ಹೀಗಿರುವಾಗ ದೊಡ್ಡದೊಂದು ಹೊಸ ಡಿಸ್ಕ್ ಕೂರಿಸಲು ಕಂಪ್ಯೂಟರ್ ಅಂಗಡಿಯವನು ಬಂದ. ಪಾಪ, ಅವನಿಗೇನು ಗೊತ್ತು? ಸ್ಕ್ರೂ ಬಿಗಿ ಮಾಡಿ, ‘ಸಾರ್, ಪಾರ್ಟಿಷನ್ ಮಾಡ್ಬಿಡ್ಲಾ? ಮೂರು ಭಾಗ ಮಾಡ್ಕೊಂಡ್ರೆ ಒಳ್ಳೇದು’ ಎಂದ.

ಮಾವ ಕಾಫಿ ಲೋಟವನ್ನು ಟಕ್ಕನೆ ಕೆಳಗಿಟ್ಟರು. ‘ಯಾರಪ್ಪ ನಿನ್ನ ಕಳ್ಸಿದ್ದು? ಗುಬ್ಬಿಯವ್ನೋ, ಕುಣಿಗಲ್‌ನವ್ನೋ?’

ಅವನು ಸಿ ಡ್ರೈವ್, ಡಿ ಡ್ರೈವ್, ಇ ಡ್ರೈವ್ ಎಂದು ವಿವರಿಸಿದಷ್ಟೂ ಮಾವನ ಅನುಮಾನ ಬಲವಾಯಿತು. ಸಿ ಯಾರ ಪಾಲು, ತೋಟದ ಬಾವಿ ಯಾವುದರಲ್ಲಿ ಬರುತ್ತದೆ ಎಂದು ಅತ್ತೆ ಬೇರೆ ಕೇಳಿದರು! ಕೊನೆಗೆ ತಾವಿರುವವರೆಗೂ ಡಿಸ್ಕು ಒಂದೇ ಎಂದು ಸಾರಿ ಮಾವ ಅವನನ್ನು ಸಾಗಹಾಕಿದರು.

ಡಿಸ್ಕು ಉಳಿಯಿತು, ತೋಟ ಉಳಿಯಲಿಲ್ಲ. ಮರುವರ್ಷ ಮಾವ ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾಲುಪತ್ರಕ್ಕೆ ಸಹಿ ಹಾಕಿ ಬಂದು, ಕಾಲಿಗೆ ನೀರೂ ಹಾಕಿಕೊಳ್ಳದೆ ಕಂಪ್ಯೂಟರಿನ ಮುಂದೆ ಕೂತರು.

‘ಎಲ್ಲಾ ಆಯ್ತಲ್ಲ, ಇದ್ನೂ ಮಾಡ್ಬುಡು’ ಎಂದರು ನನಗೆ. ‘ಅವರವರ ಮದ್ವೆ ಅವರವರ್ಗೆ ಕೊಟ್ಬುಡು.’

ನಾನು ಬೇರ್ಪಡಿಸಲು ಕೂತೆ. ಕುಣಿಗಲ್ ಮಾವನ ಮದುವೆ ತೆಗೆದರೆ, ಪಂಚೆ ಎತ್ತಿ ಕಟ್ಟಿ ಸಾರಿನ ಬಕೆಟ್ ಹಿಡಿದು ಓಡಾಡುತ್ತಿರುವವರು ಗುಬ್ಬಿ ಮಾವ. ಗುಬ್ಬಿ ಮಾವನ ಗೃಹಪ್ರವೇಶ ತೆಗೆದರೆ, ಹಸು ಹೊಸ್ತಿಲು ದಾಟಲು ಒಪ್ಪುತ್ತಿಲ್ಲ. ಹಿಂದಿನಿಂದ ತಳ್ಳುತ್ತಿರುವವರು ಕುಣಿಗಲ್ ಮಾವ, ಎದುರಿಗೆ ಬಾಳೆಹಣ್ಣು ತೋರಿಸಿ ಕರೆಯುತ್ತಿರುವವರು ದೊಡ್ಡ ಮಾವ. ಮೂವರಿಗೂ ನಗು ತಡೆಯಲಾಗುತ್ತಿಲ್ಲ. ಇದರಲ್ಲಿ ಯಾವುದನ್ನು ಯಾರ ಪಾಲಿಗೆ ಹಾಕುವುದು? ಎಲ್ಲವನ್ನೂ ಕಾಪಿ ಮಾಡಿ ಇಬ್ಬರಿಗೂ ಕೊಡಬಹುದಿತ್ತು. ಯಾಕೋ ಆ ಮಾತು ನನ್ನ ಬಾಯಿಗೆ ಬರಲೇ ಇಲ್ಲ.

‘ಆಗಲ್ಲ ಅಲ್ವೇನ್ಲಾ?’ ಎಂದರು ಮಾವ. ಆ ದನಿಯಲ್ಲಿದ್ದ ಆಸೆ ಕೇಳಿ ನಾನು ಮೌಸ್ ಬಿಟ್ಟು ಅವರತ್ತ ತಿರುಗಿದೆ.

‘ಆಗಲ್ಲ ಮಾವ.’

‘ಹಂಗಾದ್ರೆ ಇರ್ಲಿ ಬುಡು’ ಎಂದು ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.