ಡೆಲ್ಫೀನಳ ಉಳಿದರ್ಧ ತಲೆ

ಇಂದ,
ಲುವೀನಿಯಾ ಟಿಲ್ಲರಿ, ಮಾಲೀಕಳು (ಬೀಗ ಮಾತ್ರ ತಮ್ಮದು),
ಟಿಲ್ಲರಿ ಜಡೆ ಅಂಗಡಿ, ನೀಬೋ ರಸ್ತೆ, ಸಿಕಾಮೋರ್ ಬೆಂಡ್.

ಗೆ,
ಅಧ್ಯಕ್ಷರು, ಕೇಶಾಲಂಕಾರ ಪರವಾನಗಿ ಮಂಡಳಿ.

ವಿಷಯ: ಅರ್ಧಕ್ಕೆ ನಿಂತ ಜಡೆ ಪೂರೈಸಲು ಅನುಮತಿ ಕೋರಿ.

ಉಲ್ಲೇಖ: ತಮ್ಮ ಇನ್‌ಸ್ಪೆಕ್ಟರ್ ಕ್ರೋಟ್ಸ್ ಸಾಹೇಬರು ಮಂಗಳವಾರ ಬಾಗಿಲಿಗೆ ಅಂಟಿಸಿದ ಚೀಟಿ.

ಮಾನ್ಯರೇ,

೧. ಅರ್ಜಿದಾರಳು ಇಪ್ಪತ್ತೆರಡು ವರ್ಷದಿಂದ ಈ ಊರಿನ ಕಪ್ಪು ಹೆಂಗಸರ ಗುಂಗುರು ಕೂದಲಿಗೆ ಸಣ್ಣ ಜಡೆ ಹೆಣೆಯುತ್ತಿದ್ದಾಳೆ. ಕತ್ತರಿ ಮುಟ್ಟುವುದಿಲ್ಲ, ಬಣ್ಣ ಹಚ್ಚುವುದಿಲ್ಲ. ಬಾಚಣಿಗೆ, ಎಣ್ಣೆ, ಹತ್ತು ಬೆರಳು, ಇಷ್ಟೇ ಬಂಡವಾಳ.

೨. ಸದರಿ ಮಂಗಳವಾರ ಡೆಲ್ಫೀನ್ ಮೇಬರಿ ಎಂಬ ಮದುಮಗಳ ಎಡಗಡೆ ತಲೆ ಮುಗಿದಿತ್ತು. ಆಗ ಸಾಹೇಬರು ದಯಮಾಡಿಸಿದರು.

"ಎಷ್ಟು ಗಂಟೆ ಕೇಶಾಲಂಕಾರ ಶಾಲೇಲಿ ಕಲ್ತಿದೀರಮ್ಮ?"

"ಅಜ್ಜಿ ಮೊಣಕಾಲ ಮಧ್ಯೆ ಕೂತು ಕಲ್ತಿದ್ದು ಸ್ವಾಮಿ. ತಪ್ಪಿದ್ರೆ ಬಾಚಣಿಗೇಲೇ ಏಟು. ಗಂಟೆ ಯಾರು ನೋಡಿದ್ರು?"

"ಪರವಾನಗಿಗೆ ಸಾವಿರದೈನೂರು ಗಂಟೆ ಬೇಕು. ಏಳಿ, ಬೀಗ ಹಾಕ್ಬೇಕು."

ಡೆಲ್ಫೀನ್ ಕನ್ನಡಿ ನೋಡಿಕೊಂಡಳು. "ಲೂ ಅಕ್ಕಾ, ಹಿಂಗೇ ಹೋಗಿ ಚರ್ಚಲ್ಲಿ ನಿಂತ್ರೆ ಆ ಪುಣ್ಯಾತ್ಮ ಒಪ್ಪಿಗೆ ಅಂತಾನಾ?"

೩. ಕಾನೂನಿಗೆ ಬೆಲೆ ಕೊಟ್ಟು ಅರ್ಜಿದಾರಳು ಮರುದಿನವೇ ತಾವು ಸೂಚಿಸಿದ ಶಾಲೆ ಸೇರಿದಳು. ಅಲ್ಲಿ ನೇರ ಕೂದಲಿನ ಬೊಂಬೆಗೆ ಗುಂಗುರು ಬರಿಸುವುದನ್ನು ಕಲಿಸುತ್ತಾರೆ. ಜಡೆಯ ಪಾಠ ಒಂದು ಗಂಟೆಯೂ ಇಲ್ಲ. ಊಟದ ಬಿಡುವಿನಲ್ಲಿ ಮೇಡಂ (ಅವರೂ ನಮ್ಮವರೇ) ಬಾಗಿಲು ಮುಂದೆ ಮಾಡಿ, "ನಂಗೂ ಒಂಚೂರು ಹೆಣೀತೀಯೇನಮ್ಮ?" ಎಂದರು. ಹೆಣೆದಳು. ಆ ಗಂಟೆಗೆ ಹಾಜರಿ ಸಿಗಲಿಲ್ಲ, ಅದು ಪಠ್ಯದಲ್ಲಿಲ್ಲವಂತೆ.

೪. ಇದೇ ವಾರ ವಾಣಿಜ್ಯ ಇಲಾಖೆಯವರು "ಕಪ್ಪು ಮಹಿಳಾ ಉದ್ಯಮಿಗಳಿಗೆ ಅವಕಾಶದ ಬಾಗಿಲು ಸದಾ ತೆರೆದಿದೆ" ಎಂಬ ಪ್ರಶಸ್ತಿ ಫಲಕ ತಂದು, ಒಳಗೆ ಹೋಗಲಾಗದ ಕಾರಣ, ಬೀಗದ ಕೆಳಗೆ ಒರಗಿಸಿ ಹೋಗಿದ್ದಾರೆ. ನೋಡಿದರೆ ನಗು ಬರುತ್ತದೆ. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯುತ್ತದೆ.

೫. ಸಾವಿರದೈನೂರು ಗಂಟೆ ಮುಗಿಯುವಷ್ಟರಲ್ಲಿ ಡೆಲ್ಫೀನಳ ಮಗುವಿಗೆ ಹೆಸರಿಟ್ಟಾಗಿರುತ್ತದೆ. ಅರ್ಜಿದಾರಳ ಅಂಗಡಿಯ ಹೆಸರು ಅಳಿಸಿಹೋಗಿರುತ್ತದೆ.

ಆದ್ದರಿಂದ ಬೀಗ ತೆಗೆಸಿಕೊಡಬೇಕಾಗಿ ಪ್ರಾರ್ಥನೆ. ಅದು ಸಾಧ್ಯವಿಲ್ಲದಿದ್ದರೆ, ಪರವಾನಗಿ ಇರುವ ತಮ್ಮ ಸಿಬ್ಬಂದಿಯಲ್ಲೇ ಯಾರಾದರೂ ಉಳಿದರ್ಧ ಹೆಣೆದುಕೊಡಲಿ. ಅರ್ಜಿದಾರಳು ಪಕ್ಕದಲ್ಲಿ ಕೈಕಟ್ಟಿ ನಿಂತು ಕಲಿತುಕೊಳ್ಳುತ್ತಾಳೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಲುವೀನಿಯಾ ಟಿಲ್ಲರಿ

ಲಗತ್ತುಗಳು:
೧. ಚೀಟಿಯ ನಕಲು.
೨. ಬಾಚಣಿಗೆ, ಒಂದು.
೩. ಡೆಲ್ಫೀನ್ ಮೇಬರಿ, ಖುದ್ದು. ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ಸದರಿ ಲಗತ್ತನ್ನು ಬಲಗಡೆಯೂ ಪೂರ್ತಿಗೊಳಿಸಿ, ಶನಿವಾರ ಬೆಳಿಗ್ಗೆ ಹತ್ತರೊಳಗೆ ಚರ್ಚಿಗೆ ತಲುಪಿಸುವುದು.